ಉದುರುವ ಎಲೆಗೊಂದು ಗೋದಲಿ

ಒಣಗಿದ ಶೇಂಗಾ ಬಳ್ಳಿಯ ಹೊರೆಯನ್ನು ರೊಪ್ಪದೊಳಗೆ ನೆಲಕ್ಕೆ ಹಾಕಿದರೆ ಮೊದಲು ಉದುರುವುದು ಎಲೆ. ಬಳ್ಳಿ ಚೆನ್ನಾಗಿ ಒಣಗಿದ್ದರೆ ಬೆರಳು ತಾಗಿದರೂ ಸಾಕು, ಎಲೆ ಪುಡಿಯಾಗುತ್ತದೆ. ಕುರಿ ಬಾಯಿ ಹಾಕಿ ಎಳೆದಾಗ ಕಡ್ಡಿ ಬಾಯಿಗೆ ಹೋಗುತ್ತದೆ, ಎಲೆ ಕಾಲಡಿಗೆ ಹೋಗುತ್ತದೆ. ಅದರ ಮೇಲೆ ಇನ್ನೊಂದು ಕುರಿ ನಿಲ್ಲುತ್ತದೆ, ಮತ್ತೊಂದು ಹಿಕ್ಕೆ ಹಾಕುತ್ತದೆ. ಸಂಜೆಗೆ ನೋಡಿದರೆ ಮೇವೆಲ್ಲ ಖಾಲಿಯಾದಂತೆ ಕಾಣುತ್ತದೆ. ಹೊಟ್ಟೆಗೆ ಹೋದದ್ದು ಎಷ್ಟು, ಗೊಬ್ಬರಕ್ಕೆ ಹೋದದ್ದು ಎಷ್ಟು ಎಂದು ಯಾರೂ ಅಳೆಯುವುದಿಲ್ಲ.

ಮೇವು ನೆಲಕ್ಕೆ ಬಿದ್ದರೆ ಸ್ವಲ್ಪ ಹಾಳಾಯಿತು ಎಂದಷ್ಟೇ ನಮ್ಮವರು ಲೆಕ್ಕ ಹಾಕುತ್ತಾರೆ. ನನ್ನ ತಕರಾರು ಇಲ್ಲೇ ಇದೆ. ಹಾಳಾಗುವುದು ಮೇವಿನ ಯಾವುದೋ ಒಂದು ಪಾಲಲ್ಲ, ಒಳ್ಳೆಯ ಪಾಲು. ಶೇಂಗಾ ಬಳ್ಳಿಯಲ್ಲಿ ರಾಗಿ ಹುಲ್ಲಿಗಿಂತ ಎರಡು ಮೂರು ಪಟ್ಟು ಪ್ರೋಟೀನು ಇರುತ್ತದೆ, ಅದರಲ್ಲೂ ಕಡ್ಡಿಗಿಂತ ಎಲೆಯಲ್ಲೇ ಹೆಚ್ಚು. ಹುರುಳಿ ಹೊಟ್ಟು, ತೊಗರಿ ಹೊಟ್ಟು, ಒಣಗಿಸಿದ ಬೇಲಿಮೆಂತೆ ಎಲ್ಲವೂ ಹೀಗೇ. ಮರಿ ಬೆಳೆಯಬೇಕಾದದ್ದು, ತಾಯಿಗೆ ಹಾಲು ಇಳಿಯಬೇಕಾದದ್ದು ಈ ಎಲೆಯಿಂದ. ಅದನ್ನು ತುಳಿಸಿಬಿಟ್ಟು, ಕುರಿ ಸೊರಗಿದೆ ಎಂದು ಅಂಗಡಿಯಿಂದ ಹಿಂಡಿ ಮೂಟೆ ತರುತ್ತೇವೆ.

ನಾನು ಹಿರಿಯೂರು ತಾಲ್ಲೂಕಿನವಳು. ನಲವತ್ತರ ಆಸುಪಾಸು ಕುರಿಗಳಿವೆ. ನಮ್ಮಪ್ಪನ ಕಾಲದಲ್ಲಿ ಗೋದಲಿಯ ಮಾತೇ ಇರಲಿಲ್ಲ. ಕುರಿ ಊರೂರು ನಡೆಯುತ್ತಿತ್ತು, ಕಟಾವಾದ ಹೊಲದಲ್ಲಿ ಮೇಯುತ್ತಿತ್ತು, ರಾತ್ರಿ ಯಾರದೋ ಹೊಲದಲ್ಲಿ ಮಂದೆ ನಿಲ್ಲುತ್ತಿತ್ತು. ಹಿಕ್ಕೆ ಗೊಬ್ಬರಕ್ಕಾಗಿ ಹೊಲದವರೇ ಕರೆದು ಕಾಳೋ ದುಡ್ಡೋ ಕೊಡುತ್ತಿದ್ದರು. ಆ ಹೊಲಗಳಲ್ಲಿ ಎಷ್ಟೋ ಈಗ ಅಡಿಕೆ ತೋಟಗಳು, ಸುತ್ತ ತಂತಿ ಬೇಲಿ. ಕಾವಲು, ಗೋಮಾಳ ಕರಗಿವೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷ ದಾಟಿತ್ತು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮಲ್ಲೇ ಹೆಚ್ಚು. ಕುರಿ ಇದೆ, ಮೇಯುವ ಜಾಗ ಇಲ್ಲ. ಹಾಗಾಗಿ ನಮ್ಮಂಥವರು ಅರ್ಧ ದಿನ ಮೇಯಿಸಿ ಅರ್ಧ ದಿನ ಕಟ್ಟಿ ಸಾಕುತ್ತೇವೆ, ಕೆಲವರು ಪೂರ್ತಿ ಕೊಟ್ಟಿಗೆಯಲ್ಲೇ ಸಾಕುತ್ತಾರೆ. ಹೊಲದಲ್ಲಿ ಮೇಯುವ ಕುರಿ ತುಳಿದ ಹುಲ್ಲು ಮತ್ತೆ ಚಿಗುರುತ್ತದೆ. ರೊಪ್ಪದಲ್ಲಿ ತುಳಿದದ್ದು ಹೋಯಿತು ಅಷ್ಟೇ.

ಲೆಕ್ಕ ಸುಲಭ. ಕುರಿ ದಿನಕ್ಕೆ ತನ್ನ ತೂಕದ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು ಒಣ ಮೇವು ತಿನ್ನುತ್ತದೆ. ಮೂವತ್ತು ಕಿಲೋ ಕುರಿಗೆ ಸುಮಾರು ಒಂದು ಕಿಲೋ, ನಲವತ್ತು ಕುರಿಗೆ ನಲವತ್ತು ಕಿಲೋ. ಐದರಲ್ಲಿ ಒಂದು ಪಾಲು ಕಾಲಡಿಗೆ ಬಿತ್ತೆಂದುಕೊಂಡರೂ ದಿನಕ್ಕೆ ಎಂಟು ಕಿಲೋ, ತಿಂಗಳಿಗೆ ಹತ್ತಿರ ಹತ್ತಿರ ಎರಡೂವರೆ ಕ್ವಿಂಟಾಲು. ಬೇಸಿಗೆಯಲ್ಲಿ ಶೇಂಗಾ ಬಳ್ಳಿಯ ಲೋಡಿಗೆ ಎಷ್ಟು ಕೊಡಬೇಕು ಎಂಬುದು ಕೊಂಡವರಿಗೆ ಗೊತ್ತು.

ನೆಲದ ಮೇವಿಗೆ ಇನ್ನೊಂದು ಕೇಡಿದೆ. ಹಿಕ್ಕೆಯ ಜೊತೆ ಹೊಟ್ಟೆಹುಳುವಿನ ಮೊಟ್ಟೆ, ಮರಿಗಳಿಗೆ ರಕ್ತಭೇದಿ ತರುವ ಕಣ್ಣಿಗೆ ಕಾಣದ ಜೀವಿ ಎಲ್ಲ ನೆಲಕ್ಕೆ ಬೀಳುತ್ತವೆ. ಒಣ ನೆಲದಲ್ಲಿ ಅವು ಹೆಚ್ಚು ದಿನ ಬಾಳುವುದಿಲ್ಲ. ಮೂತ್ರದ ತೇವ, ಮಳೆಯ ತೇವ ಇದ್ದರೆ ಹೆಚ್ಚುತ್ತವೆ. ಹಸಿದ ಮರಿ ಅದೇ ತೇವದ ಮೇಲೆ ಬಿದ್ದ ಹುಲ್ಲನ್ನು ಆರಿಸಿ ತಿಂದರೆ ರೋಗ ಬಾಯಿಂದಲೇ ಒಳಗೆ ಹೋಗುತ್ತದೆ. ರಕ್ತ ಹೀರುವ ಹುಳು ಹೊಕ್ಕ ಕುರಿಯ ಕೆಳರೆಪ್ಪೆ ಮಡಚಿ ನೋಡಿದರೆ ಒಳಭಾಗ ಬಿಳಚಿಕೊಂಡಿರುತ್ತದೆ, ಕಾಯಿಲೆ ಬಲಿತರೆ ಗದ್ದದ ಕೆಳಗೆ ನೀರು ತುಂಬಿ ಊದುತ್ತದೆ. ಔಷಧಿ ಕುಡಿಸಲೇಬೇಕು, ನಿಜ. ಔಷಧಿ ಕುಡಿಸಿ ಮತ್ತೆ ನೆಲಕ್ಕೇ ಮೇವು ಹಾಕಿದರೆ ಮತ್ತೆ ಅದೇ ಹುಳು.

ಇಷ್ಟೆಲ್ಲ ತಿಳಿದ ಮೇಲೆ ಗೋದಲಿ ಮಾಡೋಣ ಎಂದು ಹೊರಟವರು ಸಾಮಾನ್ಯವಾಗಿ ಗೋಡೆಗೆ ಎತ್ತರದಲ್ಲಿ ಕಬ್ಬಿಣದ ಜಾಲರಿ ಹೊಡೆಸುತ್ತಾರೆ. ನೋಡುವುದಕ್ಕೆ ಚೆಂದ, ಕುರಿಗೆ ಹೊಂದದು. ಪಕ್ಕದ ಊರಿನ ಒಂದು ಶೆಡ್ಡಿನಲ್ಲಿ ಅಂಥದ್ದನ್ನು ನೋಡಿ ನಮ್ಮಪ್ಪ ಹೇಳಿದ ಮಾತು ನನಗೆ ಎಲ್ಲ ಅಳತೆಗೂ ಮೂಲವಾಯಿತು: “ಕತ್ತೆತ್ತಿ ತಿನ್ನೋದು ಮೇಕೆ ಕಣವ್ವ. ಕುರಿ ಬಗ್ಗಿ ತಿನ್ನೋ ಪ್ರಾಣಿ.”

ಕುರಿಯ ಬಾಯಿಯನ್ನೇ ಗಮನಿಸಿ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಬಲಿತ ಕುರಿಗೆ ಎಂಟು ಹಲ್ಲು. ಮೇಲ್ತುಟಿ ನಡುವೆ ಸೀಳಿದೆ, ಎರಡೂ ಕಡೆ ಬೇರೆ ಬೇರೆಯಾಗಿ ಅಲುಗುತ್ತದೆ. ಆ ತುಟಿಯಿಂದ ಒಂದೊಂದೇ ಎಲೆ ಆರಿಸಿಕೊಂಡು, ಕೆಳಹಲ್ಲಿಗೂ ವಸಡಿಗೂ ನಡುವೆ ಹಿಡಿದು ತಲೆ ಝಾಡಿಸಿ ಕೀಳುತ್ತದೆ. ನೆಲದ ಹುಲ್ಲನ್ನು ಮೋಟಾಗಿ ಮೇಯುವುದಕ್ಕೆಂದೇ ಆದ ಬಾಯಿ ಅದು. ಎತ್ತರದಿಂದ ಎಳೆಯುವಂತೆ ಮಾಡಿದರೆ ಪ್ರತಿ ಸಲವೂ ಹಿಂದಕ್ಕೆ ಸರಿದು ಝಾಡಿಸುತ್ತದೆ. ಅರ್ಧ ಮೇವು ನೆಲಕ್ಕೆ, ಇನ್ನರ್ಧದ ಧೂಳು ಕಣ್ಣಿಗೆ, ಕಸ ಪಕ್ಕದ ಕುರಿಯ ಕತ್ತಿನ ಉಣ್ಣೆಗೆ. ಕಂಬಳಿಗೆ ಹೆಸರಾದ ಚಳ್ಳಕೆರೆ ನಮಗೆ ಹತ್ತಿರ. ಉಣ್ಣೆಯಲ್ಲಿ ಹೊಟ್ಟು, ಮುಳ್ಳು ಸೇರಿಕೊಂಡರೆ ಅದನ್ನು ಬಿಡಿಸುವ, ನೂಲುವ ಹೆಂಗಸರ ಬೆರಳಿಗೆ ಎಂಥ ಕೆಲಸ ಎಂದು ನಾನು ಬಲ್ಲೆ. ನಮ್ಮಜ್ಜಿ ನೂಲುತ್ತಿದ್ದರು.

ಆದ್ದರಿಂದ ಗೋದಲಿಯ ಅಳತೆಯನ್ನು ಕುರಿಯ ಮೈಯಿಂದಲೇ ತೆಗೆಯಬೇಕು. ಕುರಿ ಬಾಯಿ ಇಳಿಸಿ ತಿನ್ನುವ ತೊಟ್ಟಿಯ ಅಂಚು ನೆಲದಿಂದ ಸುಮಾರು 35 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದಡಿ ಎರಡಂಗುಲ. ಕುರಿಯ ಬೆನ್ನಿನ ಮಟ್ಟಕ್ಕಿಂತ ಮೇಲೆ ಹುಲ್ಲು ಬಾಯಿಗೆ ಸಿಗಬಾರದು. ಬಲಿತ ಕುರಿ ನಿಂತು ತಿನ್ನಲು 40ರಿಂದ 50 ಸೆಂಟಿಮೀಟರ್ ಜಾಗ ಬೇಕು, ಒಂದೂವರೆ ಅಡಿ ಎಂದಿಟ್ಟುಕೊಳ್ಳಿ. ಮರಿಗೆ ಒಂದಡಿ ಸಾಕು.

ಈಗ ನಮ್ಮ ಮನೆಯ ಗೋದಲಿ. ಇದನ್ನು ನಾನೂ ಊರಿನ ಬಡಗಿಯೂ ಸೇರಿ ಮಾಡಿದ್ದು. ಉದ್ದ ಆರಡಿ. ಎರಡೂ ತುದಿಗೆ ಸರ್ವೆ ಗಳಗಳನ್ನು ಕತ್ತರಿ ಆಕಾರದಲ್ಲಿ ನಿಲ್ಲಿಸಿ, ಗಳ ಒಂದನ್ನೊಂದು ಹಾಯುವ ಕಡೆ ಬೋಲ್ಟು ಹಾಕಿದ್ದೇವೆ. ಕತ್ತರಿಯ ಹಾಯಿ ನೆಲದಿಂದ ಹೆಚ್ಚು ಕಡಿಮೆ ಒಂದೂಕಾಲು ಅಡಿ ಎತ್ತರದಲ್ಲಿದೆ. ಅದರ ಕೆಳಗಿನದು ಕಾಲು, ಮೇಲಿನದು ಹುಲ್ಲು ತುಂಬುವ ಬಾಯಿ. ಮೇಲ್ಬಾಯಿ ಎರಡಡಿ ಅಗಲ, ಕೆಳಗೆ ಬರುತ್ತಾ ಕಿರಿದಾಗಿ ಮೂರು ನಾಲ್ಕು ಅಂಗುಲ. ಇಳಿಜಾರು ಕಡಿದಾಗಿದ್ದರೆ ಕೆಳಗಿನ ಹುಲ್ಲು ತಿಂದಷ್ಟೂ ಮೇಲಿನದು ತಾನೇ ಜಾರುತ್ತದೆ. ಎರಡೂ ತುದಿಗಳನ್ನು ಉದ್ದುದ್ದ ಗಳಗಳಿಂದ ಬಿಗಿದು, ಆ ಗಳಗಳಿಗೆ ಬಿದಿರಿನ ದಬ್ಬೆಗಳನ್ನು ನಿಲುವಾಗಿ ಕಟ್ಟಿದೆವು. ದಬ್ಬೆಯ ಗಿಣ್ಣುಗಳನ್ನು ಮಚ್ಚಿನಿಂದ ಹೆರೆದು ನುಣುಪು ಮಾಡಬೇಕು, ಇಲ್ಲದಿದ್ದರೆ ಮೂತಿ ಗೀರುತ್ತದೆ. ತಂತಿಯಿಂದ ಕಟ್ಟುವುದಾದರೆ ಅದರ ತುದಿ ಒಳಮುಖವಾಗಿ ಮಡಚಿರಬೇಕು.

ದಬ್ಬೆ ದಬ್ಬೆಯ ನಡುವಿನ ಸಂದಿ ಎಷ್ಟು ಎಂಬುದು ಇಡೀ ಕೆಲಸದ ಜೀವ. ನಮ್ಮ ಗೋದಲಿಯಲ್ಲಿ ಎರಡೂವರೆ ಅಂಗುಲ. ತುಟಿ, ಮೂತಿಯ ತುದಿ ತೂರಿ ಹುಲ್ಲು ಎಳೆಯಬಹುದು, ತಲೆ ತೂರದು. ಕೆಲವರು ಬಲಿತ ಕುರಿ ತಲೆ ಪೂರ್ತಿ ಒಳಗಿಟ್ಟು ತಿನ್ನಲಿ ಎಂದು ಏಳೆಂಟು ಅಂಗುಲ ಬಿಡುತ್ತಾರೆ. ಕೊಂಬಿಲ್ಲದ ಕುರಿಗೆ ಅದೂ ಸರಿ, ತಲೆ ಒಳಗೇ ಇರುವುದರಿಂದ ಉದುರಿದ್ದೂ ಒಳಗೇ ಬೀಳುತ್ತದೆ. ಅಪಾಯ ಇರುವುದು ಈ ಎರಡರ ನಡುವಿನ ಅಳತೆಯಲ್ಲಿ. ನಾಲ್ಕೈದು ಅಂಗುಲದ ಸಂದಿಗೆ ಮರಿ ತಲೆ ತೂರಿಸುತ್ತದೆ, ಕಿವಿ ಅಡ್ಡ ಬಂದು ಹಿಂದೆಗೆಯಲಾಗುವುದಿಲ್ಲ. ರಾತ್ರಿ ಹೊತ್ತು ಯಾರೂ ನೋಡದಿದ್ದರೆ ಒದ್ದಾಡಿ ಪ್ರಾಣ ಬಿಡುತ್ತದೆ. ಕೊಂಬಿನ ಟಗರಿಗೂ ಇದೇ ಗತಿ. ದಬ್ಬೆಯ ಬದಲು ಜಾಲರಿ ಕೊಳ್ಳುವವರು ಅಂಗಡಿಯಲ್ಲಿ ಕಣ್ಣಿನ ಅಳತೆ ಕೇಳಿ, ಎರಡು ಮೂರು ಅಂಗುಲದ್ದನ್ನೇ ತನ್ನಿ. ಅಗ್ಗಕ್ಕೆ ಸಿಕ್ಕಿತೆಂದು ದೊಡ್ಡ ಕಣ್ಣಿನದನ್ನು ತರಬೇಡಿ.

ಬೆನ್ನಿನ ಮಟ್ಟಕ್ಕಿಂತ ಮೇಲಿನ ಭಾಗಕ್ಕೆ ಹೊರಗಿನಿಂದ ಅಡಿಕೆ ದಬ್ಬೆಗಳನ್ನು ಒತ್ತೊತ್ತಾಗಿ ಹೊಡೆದು ಮುಚ್ಚಿದ್ದೇವೆ. ಕುರಿಗೆ ಕೆಳಗಿನ ಹುಲ್ಲು ಮಾತ್ರ ಸಿಗುತ್ತದೆ, ಬಗ್ಗಿಯೇ ತಿನ್ನುತ್ತದೆ. ಕತ್ತಿನ ಉಣ್ಣೆ ಈಗ ಚೊಕ್ಕಟ.

ಇನ್ನು ಕೆಳಗಿನ ತಟ್ಟೆ. ಇದಿಲ್ಲದಿದ್ದರೆ ಮೇಲೆ ಎಷ್ಟು ಚೆಂದದ ಜಾಲರಿ ಇದ್ದರೂ ಎಲೆ ನೆಲದ ಪಾಲೇ. ಕತ್ತರಿ ಕಾಲುಗಳಿಗೆ ಅಡ್ಡಪಟ್ಟಿ ಹೊಡೆದು, ಅದರ ಮೇಲೆ ಎರಡೂವರೆ ಅಡಿ ಅಗಲದ ತಟ್ಟೆ ಕೂರಿಸಿದೆವು. ಮೇಲ್ಬಾಯಿ ಎರಡಡಿ, ತಟ್ಟೆ ಎರಡೂವರೆ ಅಡಿ. ಕುರಿ ಮೂತಿ ಹಿಂದೆಗೆದಾಗ ಬಾಯಿಂದ ಜಾರಿದ್ದೂ ತಟ್ಟೆಯೊಳಗೇ ಬೀಳಬೇಕು, ಅದಕ್ಕೆ ಈ ಹೆಚ್ಚಿನ ಅರ್ಧ ಅಡಿ. ತಳಕ್ಕೆ ಸಪಾಟಾದ ತಗಡು, ಸುತ್ತ ಐದಂಗುಲದ ಅಂಚು. ಶೀಟಿನ ಅಲೆಅಲೆಯ ತಗಡು ಬೇಡ, ಅದರ ಕುಳಿಯಲ್ಲಿ ಪುಡಿ ಕೂತು ಮುಗ್ಗುತ್ತದೆ. ಜಾಲರಿಯ ತಳಕ್ಕೂ ತಟ್ಟೆಗೂ ನಡುವೆ ಕುರಿಯ ಮೂತಿ ಆಡುವಷ್ಟು ಜಾಗವಿರಲಿ. ಮೇಲಿನ ಕಡ್ಡಿ ಎಳೆದು ಬೇಸರವಾದ ಕುರಿ ತಟ್ಟೆಗೆ ಬಾಯಿ ಇಳಿಸಿ, ತುಟಿಯಿಂದ ಎಲೆಯನ್ನು ಗುಡ್ಡೆ ಮಾಡಿಕೊಂಡು ನೆಕ್ಕುವುದನ್ನು ನೋಡುತ್ತಾ ನಿಲ್ಲುವುದೆಂದರೆ ನನಗೆ ಬಹಳ ಇಷ್ಟ. ಅದು ಹುಡುಕುತ್ತಿದ್ದದ್ದೇ ಆ ಎಲೆ.

ಶೇಂಗಾ ಬಳ್ಳಿಯನ್ನು ಬೇರುಸಹಿತ ಕಿತ್ತಿರುತ್ತಾರಾದ್ದರಿಂದ ಮಣ್ಣು ಬಹಳ. ಜಾಲರಿಗೆ ತುಂಬುವ ಮೊದಲು ಟಾರ್ಪಾಲಿನ ಮೇಲೆ ಹೊರೆ ಒದರಬೇಕು. ಉದುರಿದ್ದನ್ನು ಮೊರದಲ್ಲಿ ಕೇರಿದರೆ ಮಣ್ಣು ಬೇರೆ, ಎಲೆ ಬೇರೆ. ಆ ಎಲೆಯನ್ನು ನೇರವಾಗಿ ತಟ್ಟೆಗೆ ಸುರಿಯುತ್ತೇನೆ. ಒದರುವ ಕೆಲಸ ಬೆಳಗಿನ ತಂಪಿನಲ್ಲಿ ಒಳ್ಳೆಯದು. ಇಬ್ಬನಿಯ ಹದಕ್ಕೆ ಎಲೆ ಸ್ವಲ್ಪ ಮೆತ್ತಗಾಗಿರುತ್ತದೆ, ಅಷ್ಟು ಪುಡಿಯಾಗುವುದಿಲ್ಲ.

ಮರದ ಕೆಲಸ ಆಗದವರಿಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇದೆ. 200 ಲೀಟರಿನ ಡ್ರಮ್ಮನ್ನು ಉದ್ದುದ್ದ ಸೀಳಿದರೆ ಹೆಚ್ಚು ಕಡಿಮೆ ಮೂರಡಿಯ ಎರಡು ತೊಟ್ಟಿ ಸಿಗುತ್ತವೆ. ಒಂದು ತೊಟ್ಟಿಯ ಎರಡೂ ಕಡೆಯಿಂದ ನಾಲ್ಕು ಕುರಿ ತಿನ್ನಬಹುದು. ಕತ್ತರಿಸಿದ ಅಂಚು ಕತ್ತಿಯಷ್ಟು ಹರಿತವಾಗಿರುತ್ತದೆ. ಹಳೆಯ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿ. ತಳದಲ್ಲಿ ನಾಲ್ಕೈದು ತೂತು ಕೊರೆದರೆ ತೊಳೆದ ನೀರು ನಿಲ್ಲುವುದಿಲ್ಲ. ಕತ್ತರಿಸಿದ ಜೋಳದ ಸಪ್ಪೆ, ನೇಪಿಯರ್, ಹೊಟ್ಟು, ಹಿಂಡಿ ಇವಕ್ಕೆ ಡ್ರಮ್ಮೇ ಅನುಕೂಲ. ಉದ್ದ ಹುಲ್ಲಿಗೆ ಜಾಲರಿಯೇ ಬೇಕು, ಡ್ರಮ್ಮಿಗೆ ಹಾಕಿದರೆ ಎಳೆದು ಆಚೆ ಚೆಲ್ಲುತ್ತವೆ.

ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳದೆ ಕೊಳ್ಳಬೇಡಿ. ಕೀಟನಾಶಕ, ಆಸಿಡ್ಡು ತುಂಬಿದ್ದನ್ನು ಎಷ್ಟು ತೊಳೆದರೂ ಬೇಡ. ಅಡಿಕೆ ತೋಟವಿರುವವರಿಗೆ ಇನ್ನೂ ಒತ್ತಿ ಹೇಳುತ್ತೇನೆ. ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು ಕುರಿಗೆ ಬೇಡವೇ ಬೇಡ. ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ದನಕ್ಕೆ ತಡೆಯುವ ಪ್ರಮಾಣದ ತಾಮ್ರ ಕುರಿಗೆ ವಿಷ. ಅದು ಲಿವರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಕೊಂಡು, ಮೇಲೆ ಏನೂ ಕಾಣದೆ ಇದ್ದು, ಒಂದು ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಮೂತ್ರ ಕೆಂಪಗಾಗಿ, ಕಣ್ಣು ಹಳದಿಯಾಗಿ ಕುರಿ ಬೀಳುತ್ತದೆ. ಗೆದ್ದಲು ಬಾರದಿರಲಿ ಎಂದು ಗೋದಲಿಯ ಗಳಕ್ಕೆ ಮೈಲುತುತ್ತದ ನೀರು ಬಳಿಯುವುದೂ ಇದೇ ಕಾರಣಕ್ಕೆ ತಪ್ಪು, ಏಕೆಂದರೆ ಕುರಿ ಮರ ಕಡಿಯುತ್ತದೆ, ನೆಕ್ಕುತ್ತದೆ. ದನಕ್ಕೆಂದು ಮಾಡಿದ ಖನಿಜದ ಇಟ್ಟಿಗೆಯನ್ನು ಕುರಿಯ ಗೋದಲಿಗೆ ಕಟ್ಟುವುದೂ ಬೇಡ. ಕುರಿಗೆಂದು ಮಾಡಿದ್ದನ್ನೇ ಪಶುವೈದ್ಯರಲ್ಲಿ ಕೇಳಿ ತನ್ನಿ.

ಕಟ್ಟುವುದಕ್ಕೆ ಕತ್ತಾಳೆ ಹಗ್ಗ ಬಳಸಿ. ಬೇಲಿಯ ಕತ್ತಾಳೆಯಿಂದ ನಾರು ತೆಗೆದು ಹೊಸೆಯುವವರು ನಮ್ಮ ಕಡೆ ಇನ್ನೂ ಇದ್ದಾರೆ. ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಎಳೆಎಳೆಯಾಗಿ ಬಿಚ್ಚಿಕೊಂಡು ಮೇವಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಬರುವುದಿಲ್ಲ, ಉಂಡೆಯಾಗಿ ಒಳಗೇ ಉಳಿಯುತ್ತದೆ. ಕತ್ತಾಳೆ ನಾರು ತಿಂದರೂ ಅದು ನಾರೇ ತಾನೆ.

ಹಸಿ ಸೊಪ್ಪಿಗೆ ಇಷ್ಟೆಲ್ಲ ಬೇಕಿಲ್ಲ. ಅಗಸೆ, ಸುಬಾಬುಲ್, ಬೇಲಿಮೆಂತೆಯ ಕಟ್ಟನ್ನು ತಲೆಕೆಳಗಾಗಿ ಕುರಿಯ ಎದೆಮಟ್ಟಕ್ಕೆ ತೂಗುಹಾಕಿದರೆ ಸಾಕು, ಹಸಿ ಎಲೆ ಅಷ್ಟು ಉದುರದು. ಸುಬಾಬುಲ್ ಒಂದನ್ನೇ ದಿನಾ ಹಾಕಬಾರದು, ಅದರಲ್ಲಿರುವ ಮಿಮೋಸಿನ್ ಎಂಬ ವಸ್ತು ಮೀರಿದರೆ ಉಣ್ಣೆ ಉದುರುತ್ತದೆ.

ಎಷ್ಟು ಗೋದಲಿ ಬೇಕು? ರಾಜ್ಯದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯ ಘಟಕವನ್ನೇ ತೆಗೆದುಕೊಳ್ಳಿ, 20 ಹೆಣ್ಣು ಕುರಿ, 1 ಟಗರು. ಇಪ್ಪತ್ತೊಂದು ತಲೆಗೆ ಒಂದೂವರೆ ಅಡಿಯಂತೆ ಮೂವತ್ತೊಂದೂವರೆ ಅಡಿ. ನಮ್ಮ ಆರಡಿಯ ಗೋದಲಿಗೆ ಎರಡು ಬದಿ, ಬದಿಗೆ ನಾಲ್ಕರಂತೆ ಎಂಟು ಕುರಿ. ಹಾಗಾದರೆ ಮೂರು ಬೇಕು. ಎರಡರಲ್ಲಿ ಸುಧಾರಿಸಬಹುದು ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. ಜಾಗ ಸಾಲದಿದ್ದರೆ ಹಸಿವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಜೋರಿನ ಕುರಿ ಎಲೆ ತಿಂದು ಮುಗಿಸುತ್ತದೆ, ಅಂಜುಬುರುಕಿ ಕುರಿ ಕಡ್ಡಿಯ ಹೊತ್ತಿಗೆ ಬರುತ್ತದೆ, ದಿನಾ. ಮೂರನ್ನೂ ಒಂದೇ ಸಾಲಿನಲ್ಲಿಡದೆ ದೂರ ದೂರ ಇಟ್ಟರೆ ಅಂಜುವ ಕುರಿಗೂ ಒಂದು ಮೂಲೆ ಸಿಗುತ್ತದೆ. ಗಬ್ಬದ ಕುರಿಗಳದ್ದು ಬೇರೆಯೇ ಕತೆ. ಐದು ತಿಂಗಳ ಬಸಿರಿನಲ್ಲಿ ಕೊನೆಯ ಒಂದೂವರೆ ತಿಂಗಳು ಮರಿ ದಿಢೀರನೆ ಬೆಳೆದು ಹೊಟ್ಟೆಯ ಜಾಗ ಒತ್ತುತ್ತದೆ. ಹೆಚ್ಚು ತಿನ್ನಲಾಗುವುದಿಲ್ಲ, ಬೇಕಾದದ್ದು ಮಾತ್ರ ಹೆಚ್ಚು. ಆ ಹೊತ್ತಿನಲ್ಲಿ ತಟ್ಟೆಯ ಎಲೆಯೇ ಗತಿ, ನೂಕುನುಗ್ಗಲು ಇರಲೇಬಾರದು. ನಾನು ಅವನ್ನು ಬೇರೆ ಅಂಕಣಕ್ಕೆ ಹಾಕಿ ಒಂದು ಪೂರ್ತಿ ಗೋದಲಿ ಬಿಟ್ಟುಕೊಡುತ್ತೇನೆ.

ಮರಿಗಳಿಗೆ ಅಗಲದ ತಟ್ಟೆ ಕಂಡರೆ ಅದು ಮಲಗುವ ಜಾಗ. ಹತ್ತಿ ಕೂತು ಅಲ್ಲೇ ಹಿಕ್ಕೆ ಹಾಕುತ್ತವೆ. ತಟ್ಟೆಯ ಅಂಚಿನ ಮೇಲೆ, ತಲೆ ತೂರುವಷ್ಟೇ ಅಂತರ ಬಿಟ್ಟು, ಉದ್ದಕ್ಕೂ ಒಂದು ಗಳ ಕಟ್ಟಿದರೆ ತಲೆ ಹೋಗುತ್ತದೆ, ಮೈ ಹೋಗುವುದಿಲ್ಲ. ಎರಡು ವಾರ ದಾಟಿದ ಮರಿ ಎಲೆ ಕಚ್ಚುವುದು ಕಲಿಯುತ್ತದೆ. ಅವಕ್ಕೆ ರೊಪ್ಪದ ಮೂಲೆಯಲ್ಲಿ ಬೇಲಿ ಕಟ್ಟಿ, ಮರಿ ಮಾತ್ರ ನುಸುಳುವಂತೆ ಏಳಂಗುಲದ ಗಂಡಿ ಬಿಟ್ಟು, ಒಳಗೆ ಪುಟ್ಟ ತೊಟ್ಟಿ ಇಟ್ಟಿದ್ದೇನೆ. ಕೇರಿದ ಎಲೆಯಲ್ಲಿ ಮೊದಲ ಪಾಲು ಆ ತೊಟ್ಟಿಗೆ.

ನೀರಿನ ತೊಟ್ಟಿ ಗೋದಲಿಯಿಂದ ದೂರವಿರಲಿ, ಒದ್ದೆ ಮೂತಿಯಲ್ಲಿ ಬಂದರೆ ತಟ್ಟೆಯ ಪುಡಿ ಮುದ್ದೆಯಾಗಿ ಹುಳಿಯುತ್ತದೆ. ಬೆಳಿಗ್ಗೆ ತುಂಬುವ ಮೊದಲು ತಟ್ಟೆ ಗುಡಿಸಿ, ಉಳಿದ ಕಡ್ಡಿಯನ್ನು ಎತ್ತಿಗೆ ಹಾಕುತ್ತೇವೆ. ಕುರಿ ಬೇಡವೆಂದ ದಪ್ಪ ಕಡ್ಡಿಯನ್ನು ತಿನ್ನಿಸಲೇಬೇಕೆಂದು ಹಸಿವಿಗೆ ಬಿಡುವುದು ನನಗೆ ಸರಿಕಾಣದು.

ಬಿದಿರು ವರ್ಷ ಎರಡು ವರ್ಷಕ್ಕೆ ಕೆಳತುದಿಯಲ್ಲಿ ಮೆತ್ತಗಾಗುತ್ತದೆ. ಅಂಥ ದಬ್ಬೆಯನ್ನು ಮಾತ್ರ ಬದಲಿಸಿದರಾಯಿತು. ಕಾಲುಗಳನ್ನು ನೆಲದಲ್ಲಿ ಹುಗಿಯದೆ ಚಪ್ಪಡಿ ಕಲ್ಲಿನ ಮೇಲೆ ನಿಲ್ಲಿಸಿದರೆ ಗೆದ್ದಲು ಬೇಗ ಕಣ್ಣಿಗೆ ಬೀಳುತ್ತದೆ, ಗೋದಲಿಯನ್ನು ಎತ್ತಿ ಬೇರೆ ಕಡೆ ಇಡಲೂ ಬರುತ್ತದೆ. ಕಲ್ಲಿನಿಂದ ಇನ್ನೊಂದು ಅನುಕೂಲ. ರೊಪ್ಪದಲ್ಲಿ ಹಿಕ್ಕೆ ಕೂಡುತ್ತಾ ಹೋದಂತೆ ನೆಲವೇ ಏರುತ್ತದೆ, ತಟ್ಟೆ ತಗ್ಗಾಗುತ್ತದೆ, ಕುರಿ ಅದರೊಳಗೆ ಕಾಲಿಡಲು ಶುರುಮಾಡುತ್ತದೆ. ಆಗ ಒಂದೊಂದು ಕಾಲಿಗೂ ಇನ್ನೊಂದು ಕಲ್ಲು ಕೊಟ್ಟು ಏರಿಸುತ್ತೇವೆ. ಮುಂಗಾರಿಗೆ ಮುಂಚೆ ಗೊಬ್ಬರ ಹೊಲಕ್ಕೆ ಹೊಡೆದ ದಿನವೇ ಆ ಕಲ್ಲುಗಳನ್ನು ಮತ್ತೆ ಇಳಿಸಬೇಕು, ಇಲ್ಲದಿದ್ದರೆ ಆ ಸಂಜೆ ಮರಿಗಳಿಗೆ ತಟ್ಟೆ ಎಟುಕುವುದಿಲ್ಲ.